ಮೃತರಿಗೆ ಮೂವರು ಮಕ್ಕಳು

2023ರಲ್ಲಿ ನಾನು ವಿಜಯಪುರದಿಂದ ಹೊರಡುವ ಒಂದು ಕನ್ನಡ ದಿನಪತ್ರಿಕೆಗೆ ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಜತ್ತ ತಾಲೂಕಿನ ವರದಿಗಾರ್ತಿಯಾಗಿದ್ದೆ. ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಪಂಚಾಯತಿ ಸಭೆ, ನೀರಿನ ಟ್ಯಾಂಕರ್, ಪರೀಕ್ಷೆಯ ಫಲಿತಾಂಶಗಳ ಜೊತೆಗೆ ನಿಧನವಾರ್ತೆಗಳೂ ನನ್ನ ಪಾಲಿಗೇ ಬರುತ್ತಿದ್ದವು. ಏನು ಕಳಿಸಿದೆ, ಏನು ಅಚ್ಚಾಯಿತು ಎಂದು ದಿನಚರಿಯಲ್ಲಿ ಲೆಕ್ಕ ಇಡುವುದು ನನ್ನ ರೂಢಿ. ಆ ಮಾರ್ಚ್ ಹೊತ್ತಿಗೆ ನಾನು ಬರೆದ ನಿಧನವಾರ್ತೆಗಳು ಅರವತ್ತೆರಡು. ಮೊದಮೊದಲು ಬರೆಯುವಾಗ ಕೈ ತಡೆಯುತ್ತಿತ್ತು. ಆಮೇಲೆ ಅದು ಹೆಸರು, ವಯಸ್ಸು, ಊರು ತುಂಬುವ ಕೆಲಸವಾಯಿತು. ಕೊನೆಯ ಸಾಲು ಯಾವಾಗಲೂ ಒಂದೇ: ಮೃತರಿಗೆ ಪತ್ನಿ, ಇಷ್ಟು ಪುತ್ರರು, ಇಷ್ಟು ಪುತ್ರಿಯರು ಇದ್ದಾರೆ. ಬದುಕಿರುವವರನ್ನು ಮಾತ್ರ ಅಲ್ಲಿ ಲೆಕ್ಕಕ್ಕೆ ಹಿಡಿಯುತ್ತೇವೆ.

ಆ ಬೇಸಿಗೆಯಲ್ಲಿ ಡೆಸ್ಕ್‌ನಿಂದ, ಅಂದರೆ ಸುದ್ದಿ ತಿದ್ದಿ ಪುಟಕ್ಕೆ ಹೊಂದಿಸುವ ವಿಭಾಗದಿಂದ, ಫೋನು ಬಂತು. ವಳಸಂಗದ ಚನ್ನಮಲ್ಲಪ್ಪ ಮಾಸ್ತರರ ಆರೋಗ್ಯ ಕೆಟ್ಟಿದೆ, ‘ರೆಡಿ ಕಾಪಿ’ ಮಾಡಿಡಿ ಎಂದರು. ದೊಡ್ಡವರು ಹಾಸಿಗೆ ಹಿಡಿದಾಗ ಅವರ ಬದುಕಿನ ವಿವರ ಮೊದಲೇ ಬರೆದಿಟ್ಟು, ತೀರಿಕೊಂಡ ದಿನ ತಾರೀಖು ಸೇರಿಸುತ್ತೇವೆ. ಅದೇ ರೆಡಿ ಕಾಪಿ.

ಮಾಸ್ತರರು ಸೊರಡಿ, ಬೆಳುಂಕಿ, ವಳಸಂಗದ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರು. ಹರೆಯದಲ್ಲಿ ದೊಡ್ಡವರಿಗಾಗಿ ಒಂದು ಕವನ ಸಂಕಲನ ತಂದಿದ್ದರು. ಅದನ್ನು ಕರಡು ತಿದ್ದಿದವನ ಹೊರತು ಯಾರೂ ಓದಲಿಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಆಮೇಲೆ ಬರೆದದ್ದೆಲ್ಲ ಮಕ್ಕಳಿಗೆ. ಎಂಟು ಪದ್ಯದ ಪುಸ್ತಕ, ಮೂರು ಕಥೆಯ ಪುಸ್ತಕ. ಕಂಬಳಿಯೊಳಗೆ ಅಡಗಿಕೊಂಡು, ಕರೆದವರಿಗೆಲ್ಲ ‘ನಾ ಇಲ್ಲ’ ಎನ್ನುವ ಕುರಿಮರಿಯ ಪದ್ಯವನ್ನು ನಾನೂ ಎರಡನೆಯ ಇಯತ್ತೆಯಲ್ಲಿ, ಅಂದರೆ ಎರಡನೆಯ ತರಗತಿಯಲ್ಲಿ, ಕುಣಿಯುತ್ತ ಹೇಳಿದ್ದೆ.

ನಾನು ಹೋದಾಗ ಅವರು ಪಡಸಾಲೆಯ ಮಂಚದ ಮೇಲೆ ಒರಗಿದ್ದರು. ಲೇಖನ ಬರೆಯಲು ಬಂದಿದ್ದೇನೆ ಎಂದೆ.

“ಯಾವಾಗ ಹಾಕಾವ್ರು? ಈ ವಾರೋ, ನಾ ಹೋದ ಮ್ಯಾಲೋ?”

ಕೈಯಲ್ಲಿದ್ದ ನೋಟುಬುಕ್ಕನ್ನು ನಾನು ಮತ್ತೆ ಚೀಲಕ್ಕೆ ಸೇರಿಸಹೋದೆ.

“ನಾಚಬ್ಯಾಡ ತಂಗಿ. ಕುಂದ್ರು, ಚಹಾ ಕುಡಿ. ಫೋಟೋ ಮಾತ್ರ ಚಲೋದು ಆರಿಸು. ಸತ್ಕಾರದಾಗ ಶಾಲು ಹೊದ್ದು ಬಾಯಿ ತೆರದದ್ದು ಬ್ಯಾಡ.”

“ಬಾಯಿ ಮುಚ್ಚಿದ್ದು ಎಲ್ಲಿಂದ ತರಬೇಕ್ರಿ ಆಕಿ?” ಎನ್ನುತ್ತ ಅವರ ಪತ್ನಿ ನೀಲವ್ವ ಚಹಾ ತಂದರು.

ತಾಸಿನೊಳಗೆ ವಿವರವೆಲ್ಲ ಸಿಕ್ಕಿತು. ಬರೆದುಕೊಂಡದ್ದನ್ನು ಓದಿ ಖಾತ್ರಿ ಮಾಡಿಕೊಳ್ಳುವುದು ನನ್ನ ಕ್ರಮ. ಕೊನೆಗೆ, “ಪತ್ನಿ, ಇಬ್ಬರು ಪುತ್ರಿಯರು” ಎಂದು ಓದಿದೆ. ಮಾಸ್ತರರು ತಲೆಯಾಡಿಸಿದರು. ಅವರ ಪುಸ್ತಕಗಳ ಲೇಖಕರ ಪರಿಚಯದಲ್ಲೂ ಹಾಗೇ ಇತ್ತು.

“ಮೂರು ಮಕ್ಕಳು ಅಂತ ಬರಿ,” ಎಂದರು ನೀಲವ್ವ.

ಹೆಣ್ಣುಮಕ್ಕಳಿಗಿಂತ ಮೊದಲು ಒಬ್ಬ ಮಗ ಇದ್ದ. ಹೆಸರು ಶಿವಾನಂದ. ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ತೀರಿಕೊಂಡ. ಊಟಕ್ಕೆ ಕರೆದರೆ ಕಂಬಳಿಯೊಳಗೆ ಹೊಕ್ಕು ‘ನಾ ಇಲ್ಲ’ ಎನ್ನುತ್ತಿದ್ದವನು ಅವನೇ. ಸಂತೆಯಿಂದ ತರಬೇಕಾದ ಸಾಮಾನು ಹೇಳುವ ದನಿಯಲ್ಲಿ ನೀಲವ್ವ ಇದನ್ನು ಹೇಳಿದರು. ನಾನೂ ಹಾಗೇ ಬರೆದುಕೊಂಡೆ.

“ಹಂಗ ರಿವಾಜಿಲ್ಲ,” ಎಂದರು ಮಾಸ್ತರರು, ಗೋಡೆಯ ಕಡೆ ನೋಡುತ್ತ. “ಪೇಪರದಾಗ ಇದ್ದವರನ್ನಷ್ಟ ಬರೀತಾರ.”

“ಅವನ ಮಾತು ಹಾಡು ಮಾಡಿ ಊರ ಮಕ್ಕಳಿಗೆಲ್ಲಾ ಕೊಟ್ರಿ. ಮನಿ ಲೆಕ್ಕದಾಗ ಅವನ್ನ ಹಿಡೀಲಿಲ್ಲ. ನೀವಂತೂ ಬರೀಲಿಲ್ಲ, ಈಕಿನರ ಬರೀಲಿ.”

“ಹೋದ ಅಂತ ಬರದುಬಿಟ್ಟಿದ್ರ ಅವ ಹೋಗಿದ್ದು ಖರೇ ಆಗ್ತಿತ್ತು,” ಎಂದರು ಮಾಸ್ತರರು.

ನೀಲವ್ವ ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದರು. ಏನು ಬರೆಯಲಿ ಎಂದು ನಾನು ಮಾಸ್ತರರನ್ನು ಕೇಳಿದೆ.

“ಅದನ್ನ ನಾ ಓದಂಗಿಲ್ಲಲ್ಲ ತಂಗಿ. ಕೇಳಾಕಿ ಆಕಿ. ಆಕಿ ಹೇಳಿದಂಗ ಬರಿ.”

ಜುಲೈಯಲ್ಲಿ ಒಂದು ಬೆಳಿಗ್ಗೆ ಹಿರಿಯ ಮಗಳು ಸುಮಿತ್ರಾ ಫೋನು ಮಾಡಿ, ಅಪ್ಪ ಹೋದರು ಎಂದಳು. ನಾನು ಫೈಲು ತೆರೆದು ತಾರೀಖು ಹಾಕಿದೆ. ಏನೂ ಅನಿಸಲಿಲ್ಲ. ಕೊನೆಯ ಸಾಲಿನ ಮುಂದೆ ಮಾತ್ರ ಬಹಳ ಹೊತ್ತು ಕುಳಿತೆ. ಮೂವರು ಮಕ್ಕಳು ‘ಇದ್ದಾರೆ’ ಎಂದರೆ ಸುಳ್ಳು. ಇಬ್ಬರು ಎಂದು ಬಿಟ್ಟರೆ ಆ ತಾಯಿ ಕೇಳಿದ್ದು ಆಗುವುದಿಲ್ಲ. ಅಲ್ಲದೆ ಜಾಗ ಸಾಲದಾದರೆ ಡೆಸ್ಕ್‌ನವರು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಹಾಗಾಗಿ ಇಬ್ಬರು ಪುತ್ರಿಯರೆಂಬ ಆ ಸಾಲನ್ನು ಇದ್ದಂತೆಯೇ ಇಟ್ಟು ಮೊದಲ ವಾಕ್ಯ ತಿದ್ದಿದೆ: “ಶಿವಾನಂದ, ಸುಮಿತ್ರಾ, ಕಸ್ತೂರಿ ಎಂಬ ಮೂವರು ಮಕ್ಕಳ ತಂದೆ, ಮಕ್ಕಳ ಕವಿ ಚನ್ನಮಲ್ಲಪ್ಪ ಮಾಸ್ತರರು ವಳಸಂಗದ ತಮ್ಮ ಮನೆಯಲ್ಲಿ ನಿಧನರಾದರು.”

ಸಂಜೆ ಉಪಸಂಪಾದಕರ ಫೋನು ಬಂತು.

“ಏನ್ರಿ ಲೆಕ್ಕದ ಮೇಡಂ, ಮ್ಯಾಲ ಮೂವರು, ಕೆಳಗ ಇಬ್ಬರು. ನಡುವ ಒಬ್ಬನ್ನ ಎಲ್ಲಿ ಕಳದ್ರಿ?”

“ಎರಡೂ ಖರೇ ಅದಾವ್ರಿ ಸರ್. ಹಿರಿಯಾವ ಸಣ್ಣಾವ ಇದ್ದಾಗ ತೀರ್ಕೊಂಡಾನ. ಅವನ್ನೂ ಹಿಡೀರಿ ಅಂತ ತಾಯಿ ಹೇಳ್ಯಾರ.”

ಅತ್ತ ಕೀಲಿಮಣೆಯ ಸದ್ದು ನಿಂತಿತು. “ಹಿಂಗ ನಾವು ಯಾರಿಗೂ ಹಾಕಿಲ್ಲರಿ.”

“ಗೊತ್ತದ ಸರ್. ಇದೊಂದು ಹಾಕ್ರಿ.”

ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಫೋನು ಇಟ್ಟರು.

ಮರುದಿನ ಪುಟಕ್ಕೆ ಜಾಹೀರಾತು ಬಂದಿತ್ತು. ಪುಸ್ತಕಗಳ ಸಂಖ್ಯೆ, ಸತ್ಕಾರಗಳು, ‘ಇದ್ದಾರೆ’ ಎಂಬ ಸಾಲು ಎಲ್ಲ ಕತ್ತರಿಸಿ ಹೋಗಿದ್ದವು. ಮೊದಲ ವಾಕ್ಯ ಅಕ್ಷರವೂ ಬದಲಾಗದೆ ಉಳಿದಿತ್ತು. ಪತ್ರಿಕೆ ತೆಗೆದುಕೊಂಡು ವಳಸಂಗಕ್ಕೆ ಹೋದೆ. ನೀಲವ್ವನಿಗೆ ಓದಲು ಬಾರದು; ಸುಮಿತ್ರಾ ಓದಿದಳು.

“ಅವನ ಹೆಸರು ಎಲ್ಲಿ ಅದ, ತೋರಸು.”

ಮಗಳು ತೋರಿಸಿದಲ್ಲಿ ನೀಲವ್ವ ಬೆರಳಿಟ್ಟರು. “ಮೊದಲ ಅವಂದ ಹಾಕ್ಯಾಳ,” ಎಂದರು. ಅಳಲಿಲ್ಲ. ಬೆರಳನ್ನು ಬೇಗ ತೆಗೆಯಲೂ ಇಲ್ಲ.

ಆ ದಿನದ ದಿನಚರಿಯಲ್ಲಿ ನಿಧನವಾರ್ತೆಯ ಸಂಖ್ಯೆ ಹಾಕಿ, ಮುಂದೆ ಬರೆಯಲು ಏನೂ ತೋಚದೆ ಮುಚ್ಚಿಟ್ಟೆ. ಈಗಲೂ ಅದೇ ಕೆಲಸದಲ್ಲಿದ್ದೇನೆ. ಆದರೆ ಸಾವಿನ ಮನೆಗೆ ಹೋದರೆ ಎಷ್ಟು ಮಕ್ಕಳಿದ್ದಾರೆ ಎಂದು ಕೇಳುವುದಿಲ್ಲ. ಎಷ್ಟು ಮಕ್ಕಳಾದವು ಎಂದು ಕೇಳುತ್ತೇನೆ, ಅದೂ ಮನೆಯ ಹೆಂಗಸರನ್ನು. ಉತ್ತರ ಬರಲು ತುಸು ಹೊತ್ತು ಹಿಡಿಯುತ್ತದೆ. ಸುದ್ದಿ ತಡವಾಯಿತೆಂದು ಡೆಸ್ಕ್‌ನವರು ಬೈಯುತ್ತಾರೆ. ಬೈಯಲಿ ಎಂದು ನಾನು ಕುಳಿತಿರುತ್ತೇನೆ.