ಕರೆಂಟಿಲ್ಲದಾಗ ತಿರುಗಿದ ಮೋಟರು

ನಂಜನಗೂಡಿನಿಂದ ಬೆಳಿಗ್ಗೆ ಏಳೂಕಾಲರ ಖಾಸಗಿ ಬಸ್ಸಿಗೆ ಹೊರಟೆ. ಮಾರ್ಗಶಿರದ ಚಳಿ. ಕಪಿಲೆಯಿಂದ ಎದ್ದ ಮಂಜು ಸೇತುವೆಯನ್ನೂ ದಾಟಿ ಊರೊಳಕ್ಕೆ ಬಂದಿತ್ತು. ತಿ. ನರಸೀಪುರಕ್ಕೆ ಮೂವತ್ತು ಕಿಲೋಮೀಟರಿನ ಆಸುಪಾಸು ದಾರಿ, ಚಾರ್ಜು ಎಂಟು ರೂಪಾಯಿ. ನನ್ನ ಚೀಲದಲ್ಲಿ ಸ್ಪ್ಯಾನರುಗಳು, ಒಂದು ಮೀಟರು, ಟೆಸ್ಟ್ ಲ್ಯಾಂಪು, ಹೊಸ ಪ್ರೆಶರ್ ಗೇಜು, ಮೊಸರನ್ನದ ಡಬ್ಬಿ ಇದ್ದವು.

ಆಗ ನಾನು ನೀರು ಸರಬರಾಜಿನ ಕೆಲಸದಲ್ಲಿದ್ದೆ. ಸುತ್ತಲಿನ ಪಂಪ್‌ಹೌಸುಗಳ ಮೋಟರು, ಸ್ಟಾರ್ಟರು, ಗೇಜುಗಳು ಕೆಟ್ಟರೆ ರಿಪೇರಿಗೆ ಹೋಗುವವನು ನಾನು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗುತ್ತಿದ್ದ ಕಾಲ ಅದು.

ಈ ಸಲದ ದೂರು ವಿಚಿತ್ರವಾಗಿತ್ತು. ಸೋಸಲೆಯಿಂದಾಚೆ ಕಾವೇರಿ ದಡದಲ್ಲಿ ನಮ್ಮದೊಂದು ಪಂಪ್‌ಹೌಸ್ ಇತ್ತು. ಅಲ್ಲಿಗೆ ಹೊಸದಾಗಿ ಹೋಗಿದ್ದ ಆಪರೇಟರ್ ಪುಟ್ಟಮಾದಯ್ಯ ಕಚೇರಿಗೆ ಬಂದು, ಬೇರೆ ಕಡೆ ಹಾಕಿಕೊಡಿ ಎಂದು ಕೂತುಬಿಟ್ಟಿದ್ದ. ಕರೆಂಟು ಇಲ್ಲದಾಗ ಮೋಟರು ತಾನಾಗಿ ತಿರುಗುತ್ತದೆ ಎಂಬುದು ಅವನ ಮಾತು. ಇಂಜಿನಿಯರು ನಕ್ಕು, "ಹೋಗಿ ಒಂದು ಗೇಜು ಬದಲಾಯಿಸಿ, ಅವನ ಭಯಾನೂ ಬಿಡಿಸಿ ಬನ್ನಿ" ಎಂದು ನನ್ನನ್ನು ಕಳಿಸಿದರು.

ನಾನು ಮಾತ್ರ ನಗಲಿಲ್ಲ. ನಾಲ್ಕು ತಿಂಗಳ ಹಿಂದೆ, ಮಳೆಗಾಲದಲ್ಲಿ, ಅದೇ ಪಂಪ್‌ಹೌಸಿನಲ್ಲಿ ಗುರುಸಿದ್ದ ಎಂಬ ಆಪರೇಟರ್ ಶಾಕ್ ಹೊಡೆದು ಸತ್ತಿದ್ದ. ಮಾರನೆಯ ದಿನ ಹೋಗಿ ನೋಡಿ ರಿಪೋರ್ಟು ಬರೆದವನು ನಾನೇ. ಸ್ಟಾರ್ಟರಿನೊಳಗೆ ಸಡಿಲವಾದ ಒಂದು ತಂತಿಯನ್ನು ಬಿಗಿ ಮಾಡಲು ಅವನು ಕೈ ಹಾಕಿದ್ದ. ಮೇನ್ ಸ್ವಿಚ್ಚು ತೆಗೆಯದೆ ಕೆಲಸ ಮಾಡಿದ್ದಾನೆ, ಅಜಾಗರೂಕತೆಯೇ ಕಾರಣ ಎಂದು ನಾನು ಬರೆದೆ. ನಾನು ಹೋದಾಗ ಸ್ವಿಚ್ಚು ಕೆಳಗಿತ್ತು, ಅಂದರೆ ಆಫ್ ಆಗಿತ್ತು, ನಿಜ. ಆಮೇಲೆ ಬಂದವರು ಯಾರೋ ಇಳಿಸಿರಬೇಕು ಎಂದುಕೊಂಡೆ. ಬುತ್ತಿ ತಂದಿದ್ದ ಅವನ ಹೆಂಡತಿ ಮಾದೇವಮ್ಮನೇ ಅವನನ್ನು ಮೊದಲು ಕಂಡವಳು. ಅವಳು ಅಂದು ಜನರ ಮಧ್ಯದಿಂದ, "ನಾ ಬಂದಾಗ್ಲೇ ಸ್ವಿಚ್ಚು ಇಳಿದಿತ್ತು ಕಣಣ್ಣ" ಎಂದು ಎರಡು ಸಲ ಹೇಳಿದ್ದಳು. ಗಂಡ ಸತ್ತ ದುಃಖದಲ್ಲಿ ಏನೋ ಹೇಳುತ್ತಿದ್ದಾಳೆ ಎಂದು ನಾನು ಅದನ್ನು ಬರೆದುಕೊಳ್ಳಲಿಲ್ಲ.

ತಿ. ನರಸೀಪುರ ಮುಟ್ಟಿದಾಗ ಎಂಟೂವರೆ. ಬಸ್‌ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ಸೆಟ್ ದೋಸೆ ತಿಂದೆ. ಗಲ್ಲಾದಲ್ಲಿದ್ದ ಮುದುಕರು ನನ್ನ ಚೀಲದಿಂದ ಹೊರಗೆ ಚಾಚಿದ್ದ ಸ್ಪ್ಯಾನರು ನೋಡಿ ಎಲ್ಲಿಗೆ ಎಂದು ಕೇಳಿದರು. ಹೇಳಿದೆ.

"ಆ ಒಳೆ ಪಂಪೌಸಿಗಾ? ಬೇಗ ಓಗಿ ಬೇಗ ಬಂದ್ಬುಡಿ ಸಾ. ನಡುಮಧ್ಯಾಹ್ನ ಅಲ್ಲಿ ನಿಲ್ಬ್ಯಾಡಿ. ಸತ್ತವ್ನು ಬಂದು ಮೋಟ್ರು ಆಕ್ತನಂತೆ."

"ಯಾರು ನೋಡಿದ್ದಾರೆ?"

"ನೋಡಕ್ಕೆ ಯಾರು ಓದರು? ಕುರಿ ಮೇಯ್ಸೋರು ಕೇಳವ್ರೆ, ಸದ್ದ."

ಸೋಸಲೆಯ ಬಸ್ಸು ಸೇತುವೆ ದಾಟುವಾಗ ಕೆಳಗೆ ನೀರು ಕಾಣಲೇ ಇಲ್ಲ. ಮಂಜಿನ ಮೇಲೆಯೇ ಹೋಗುತ್ತಿದ್ದ ಹಾಗಿತ್ತು. ಊರಲ್ಲಿ ಇಳಿದು, ಗದ್ದೆಬದುವಿನ ಮೇಲೆ ಅರ್ಧ ಗಂಟೆ ನಡೆದೆ. ಕೊಯ್ಲಾದ ಗದ್ದೆಗಳಲ್ಲಿ ಒಬ್ಬರೂ ಇರಲಿಲ್ಲ. ಪಂಪ್‌ಹೌಸಿನ ಸದ್ದು ಮೊದಲು ಕೇಳಿ, ಆಮೇಲೆ ಕಟ್ಟಡ ಕಂಡಿತು. ಪುಟ್ಟಮಾದಯ್ಯ ಒಳಗಿರಲಿಲ್ಲ. ಹೊರಗೆ ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತಿದ್ದ. ಐವತ್ತರ ಹತ್ತಿರದ, ಗಟ್ಟಿಮುಟ್ಟಾದ ಆಳು.

"ಇಲ್ಲೇ ಕೂತಿರ್ತೀಯೇನಯ್ಯ?"

"ಸ್ಟಾರ್ಟ್ ಮಾಡಕ್ಕೆ ಒಂದಪ ಒಳಿಕ್ಕೋಯ್ತೀನಿ ಸಾ, ಆಫ್ ಮಾಡಕ್ಕೆ ಒಂದಪ. ಅಷ್ಟೇಯ. ನೀವು ನಗ್ತೀರಿ, ಗೊತ್ತು. ನಂಗೂ ಎಂಡ್ರು ಮಕ್ಳು ಅವ್ರೆ."

ದಿನವೂ ಹಾಗಾಗುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ವಾರಕ್ಕೆ ಒಂದು ಸಲ, ಕೆಲವು ವಾರ ಎರಡು ಸಲ. ಅದಕ್ಕೇ ಯಾರಿಗೂ ತೋರಿಸಲು ಆಗಿಲ್ಲ ಎಂದ.

ಒಳಗೆ ಹೋದೆ. ಕೋಣೆ ನಾನು ನಾಲ್ಕು ತಿಂಗಳ ಹಿಂದೆ ಕಂಡಂತೆಯೇ ಇತ್ತು. ನಡುವೆ ಮೋಟರು, ಅದಕ್ಕೆ ಜೋಡಿಸಿದ ಪಂಪು. ಆಚೆ ಗೋಡೆಗೆ ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆ, ಅದರ ಬಾಗಿಲಿನಲ್ಲಿ ಒಂದು ಕೆಂಪು ದೀಪ. ಮೋಟರಿಗೆ ಕರೆಂಟು ಹೋಗುತ್ತಿದ್ದರೆ ಮಾತ್ರ ಅದು ಉರಿಯುತ್ತದೆ. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಯಾರೋ ಅರಿಶಿನ ಕುಂಕುಮ ಹಾಕಿದ್ದರು. ಗುರುಸಿದ್ದ ಬಿದ್ದಿದ್ದ ಜಾಗ.

ಪೈಪಿನ ಮೇಲೆ ಕೆಟ್ಟು ನಿಂತಿದ್ದ, ನೀರಿನ ಒತ್ತಡ ತೋರಿಸುವ ಗೇಜನ್ನು ತೆಗೆದು ಹೊಸದನ್ನು ಹಾಕಿದೆ. ಹತ್ತು ಗಂಟೆಗೆ ಕರೆಂಟು ಹೋಯಿತು. ಮೋಟರು ನಿಧಾನವಾಗುತ್ತಾ ಬಂತು. ಪೈಪಿನೊಳಗಿಂದ ಧಡ್ ಎಂದು ಒಂದು ಸದ್ದು ಬಂದು, ಎಲ್ಲ ನಿಂತಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಪಂಪು ನಿಂತ ಕೂಡಲೇ, ಮೇಲಿನ ಟ್ಯಾಂಕಿನ ನೀರು ಹಿಂದಕ್ಕೆ ಇಳಿಯದ ಹಾಗೆ ಪೈಪಿನೊಳಗೆ ಒಂದು ಮುಚ್ಚಳ ಬೀಳುತ್ತದೆ. ನಾವು ಅದನ್ನು ಎನ್ನಾರ್‌ವಿ ಅನ್ನುತ್ತೇವೆ. ಗೇಜಿನ ಮುಳ್ಳು ಇದ್ದಲ್ಲೇ ನಿಂತಿತ್ತು. ಕಾಲು ಗಂಟೆ ಕಾದೆ. ಏನೂ ಆಗಲಿಲ್ಲ. ಬಾಗಿಲಿಗೆ ಬಂದು, "ನೋಡಿದೆಯಾ ಪುಟ್ಟಮಾದಯ್ಯ?" ಎಂದೆ. ಅವನು ತಲೆ ತಗ್ಗಿಸಿ ಬೀಡಿ ಹಚ್ಚಿದ. ಆ ಹೊತ್ತಿನಲ್ಲಿ ನನಗೆ ಆದ ಸಮಾಧಾನ ಅವನಿಗಾಗಿ ಆದದ್ದಲ್ಲ. ನನ್ನ ರಿಪೋರ್ಟು ಸರಿಯಾಗಿಯೇ ಇತ್ತು ಎಂದು ಆದದ್ದು.

ಹನ್ನೊಂದಕ್ಕೆ ಕರೆಂಟು ಬಂತು. ಮಂಜು ಹರಿದು ಬಿಸಿಲು ಬಿದ್ದಿತ್ತು. ಮೋಟರು ಓಡುವಾಗ ಸ್ಟಾರ್ಟರಿನೊಳಗೆ ಚಟಚಟ ಎಂದು ಕಿಡಿಯ ಸದ್ದು. ಅದೇ ತಂತಿ ಮತ್ತೆ ಸಡಿಲವಾಗಿದೆ ಅನ್ನಿಸಿತು. ಮುಂದಿನ ಸಲ ಕರೆಂಟು ಹೋದಾಗ ಬಿಗಿ ಮಾಡಿ ಹೊರಟುಬಿಡೋಣ ಎಂದುಕೊಂಡೆ.

ಹನ್ನೆರಡು ದಾಟಿ ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ನಾನೇ ಮೇನ್ ಸ್ವಿಚ್ಚು ಇಳಿಸಿದೆ. ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ. ಇನ್ನು ಈ ಕೋಣೆಗೆ ಎಲ್ಲಿಂದಲೂ ಕರೆಂಟು ಬರುವ ಹಾಗಿಲ್ಲ. ಸ್ಟಾರ್ಟರಿನ ಬಾಗಿಲು ತೆಗೆದೆ. ಬೆನ್ನ ಹಿಂದೆ ಮೋಟರು ತಗ್ಗುತ್ತಾ ತಗ್ಗುತ್ತಾ ನಿಂತಿತು.

ಸ್ಪ್ಯಾನರು ಹಿಡಿದು ಬಗ್ಗಿದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಏನೆಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಆ ಧಡ್ ಸದ್ದು ಬಂದಿರಲಿಲ್ಲ.

ಹೊರಗೆ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಆ ನಿಶ್ಶಬ್ದದೊಳಗೆ, ನನ್ನ ಬೆನ್ನ ಹಿಂದೆ, ಯಾರೋ ನರಳಿದ ಹಾಗೆ ಒಂದು ಸದ್ದು ಶುರುವಾಯಿತು. ಮೊದಲು ತೀರ ಸಣ್ಣಗೆ. ಆಮೇಲೆ ಏರುತ್ತಾ, ಏರುತ್ತಾ ಹೋಯಿತು. ಇಪ್ಪತ್ತು ವರ್ಷ ಮೋಟರುಗಳ ಜೊತೆ ಬದುಕಿದವನು ನಾನು, ಅಂಥ ಸದ್ದನ್ನು ಕೇಳಿರಲಿಲ್ಲ. ತಿರುಗಿ ನೋಡಲು ಧೈರ್ಯ ಸಾಲದೆ ಹಾಗೇ ನಿಂತೆ. ಆಗ ಪಕ್ಕದ ಗೋಡೆಯ ಸುಣ್ಣದ ಮೇಲೆ ಒಂದು ಕೆಂಪು ಬೆಳಕು ಮೂಡಿತು.

"ಕೈ ತಗೀರಿ ಸಾ! ಮುಟ್ಬ್ಯಾಡಿ!"

ಬಾಗಿಲಲ್ಲಿ ಪುಟ್ಟಮಾದಯ್ಯ ಕಿರುಚಿದ್ದ. ನನ್ನ ಬೆರಳು ತಂತಿಯಿಂದ ನಾಲ್ಕಂಗುಲ ದೂರದಲ್ಲಿತ್ತು. ಹಿಂದಕ್ಕೆ ಹಾರಿದೆ. ಮೋಟರು ತಿರುಗುತ್ತಿತ್ತು, ಉಲ್ಟಾ. ಫ್ಯೂಸುಗಳು ನನ್ನ ಜೇಬಿನಲ್ಲಿದ್ದವು, ಸ್ವಿಚ್ಚು ಕೆಳಗಿತ್ತು, ಬಾಗಿಲಿನ ಕೆಂಪು ದೀಪ ಉರಿಯುತ್ತಿತ್ತು.

ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಕೊನೆಗೆ ಕಣ್ಣು ಗೇಜಿನ ಮೇಲೆ ಬಿತ್ತು. ಅದರ ಮುಳ್ಳು ನಿಧಾನವಾಗಿ ಇಳಿಯುತ್ತಿತ್ತು. ಟ್ಯಾಂಕಿನ ನೀರು ಹೊಳೆಗೆ ವಾಪಸ್ಸಾಗುತ್ತಿತ್ತು. ಆಗ ನನಗೆ ಅರ್ಥವಾಯಿತು. ಆಗೊಮ್ಮೆ ಈಗೊಮ್ಮೆ ಸಿಕ್ಕಿಕೊಳ್ಳುವ ಎನ್ನಾರ್‌ವಿಯ ಮುಚ್ಚಳ ಈ ಸಲ ಬಿದ್ದಿಲ್ಲ. ಇಳಿದು ಬರುವ ನೀರು ಪಂಪನ್ನು ಹಿಂದುಮುಂದಾಗಿ ತಿರುಗಿಸುತ್ತಿದೆ, ಪಂಪು ಮೋಟರನ್ನು. ಕರೆಂಟು ಉಳಿತಾಯಕ್ಕೆಂದು ಮೋಟರಿನ ತಂತಿಗಳಿಗೇ ಒಂದು ಕೆಪಾಸಿಟರ್ ಡಬ್ಬ ಕಟ್ಟಿದ್ದರು. ಅಂಥ ಡಬ್ಬ ಜೊತೆಗಿದ್ದು, ಹೊರಗಿನಿಂದ ಯಾರಾದರೂ ತಿರುಗಿಸಿದರೆ, ಮೋಟರು ತಾನೇ ಕರೆಂಟು ಹುಟ್ಟಿಸುತ್ತದೆ. ಟ್ರೈನಿಂಗಿನಲ್ಲಿ ಯಾವಾಗಲೋ ಕೇಳಿ ಮರೆತಿದ್ದ ಪಾಠ. ಟೆಸ್ಟ್ ಲ್ಯಾಂಪಿನ ತುದಿಗಳನ್ನು ಅದೇ ಸಡಿಲ ತಂತಿಗೆ ಮುಟ್ಟಿಸಿದೆ. ಬಲ್ಬು ಝಗ್ ಎಂದು ಹತ್ತಿತು.

ಪುಟ್ಟಮಾದಯ್ಯನನ್ನು ಒಳಗೆ ಕರೆದೆ. ಇಬ್ಬರೂ ಸೇರಿ ದೊಡ್ಡ ವಾಲ್ವಿನ ಚಕ್ರ ತಿರುಗಿಸಿ ಮುಚ್ಚಿದೆವು. ನರಳಾಟ ಇಳಿಯಿತು, ಕೆಂಪು ದೀಪ ಮಂಕಾಗಿ ಆರಿತು.

"ನೀರಾ ಸಾ?" ಎಂದ ಅವನು, ಬೆವರೊರೆಸಿಕೊಳ್ಳುತ್ತಾ. "ಬರೀ ನೀರಾ?"

"ಬರೀ ನೀರು."

ಅವನು ಅರಿಶಿನ ಕುಂಕುಮದ ಕಡೆ ನೋಡಿದ. "ಅಂಗಾರೆ ಗುರುಸಿದ್ದ ಸ್ವಿಚ್ಚು ತಗ್ದೇ ಕೈ ಆಕಿದ್ನಾ?"

ಹೂಂ, ತೆಗೆದೇ ಹಾಕಿದ್ದ ಎಂದೆ. ಅವನು ಸತ್ತ ದಿನ ಹೊಳೆ ತುಂಬಿ ಮೊರೆಯುತ್ತಿತ್ತು. ಹಿಂದೆ ಮೋಟರು ತಿರುಗಿದ ಸದ್ದು ಅವನ ಕಿವಿಗೆ ಬಿದ್ದಿರಲಾರದು. ಅವನನ್ನು ಕೂಗಿ ಎಚ್ಚರಿಸಲು ಬಾಗಿಲಲ್ಲಿ ಯಾರೂ ಇರಲಿಲ್ಲ.

ಕೆಪಾಸಿಟರ್ ಡಬ್ಬ ಬಿಚ್ಚಿಹಾಕಿ, ತಂತಿ ಬಿಗಿ ಮಾಡಿದೆ. ಎನ್ನಾರ್‌ವಿ ತೆಗೆಸಿ ನೋಡುವವರೆಗೆ, ಕರೆಂಟು ಹೋದ ಕೂಡಲೇ ವಾಲ್ವು ಮುಚ್ಚಬೇಕೆಂದು ಪುಟ್ಟಮಾದಯ್ಯನಿಗೆ ಹೇಳಿದೆ. ಮೊಸರನ್ನ ಸೇರಲಿಲ್ಲ, ಅವನಿಗೇ ಕೊಟ್ಟೆ. ಬಂದ ದಾರಿಯಲ್ಲೇ ಸೋಸಲೆಗೆ ನಡೆದು, ಗುರುಸಿದ್ದನ ಮನೆ ಕೇಳಿಕೊಂಡು ಹೋದೆ. ಮಾದೇವಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಗುರುತು ಹಿಡಿದಳು.

ನಿಂತೇ ಎಲ್ಲ ಹೇಳಿದೆ. ಅವಳ ಕೈ ಸುಲಿಯುತ್ತಲೇ ಇತ್ತು.

"ನಾ ಅವತ್ತೇ ಏಳಿದ್ನಲ್ಲಣ್ಣ."

"ಹೇಳಿದ್ದಿರಿ ತಾಯಿ. ನಾನು ಕೇಳಲಿಲ್ಲ."

"ಕುಡ್ಕೊಂಡು ಕೈ ಇಟ್ಟ ಅಂದ್ರು ಊರೋರು. ಅವ್ನು ಕುಡಿದೋನೇ ಅಲ್ಲ. ಬೆಪ್ಪ ಅಂದ್ರು. ನಮ್ಮತ್ತೇನೂ ಅಂಗೇ ಅಂದ್ಕಂಡೇ ಓದ ತಿಂಗ್ಳು ಕಣ್ಮುಚ್ಕಂಡ್ರು." ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿದಳು. "ನಂಗೆ ಬಾಯ್ನಾಗೆ ಏಳಿದ್ರೆ ಏನಾಯ್ತದೆ? ಬರದ್ದು ನೀವು. ಈಗ್ಲೂ ಬರೀರಿ."

ಜಗಲಿಯ ಮೇಲೆ ಕೂತು, ಚೀಲದಲ್ಲಿದ್ದ ಕಾರ್ಬನ್ ಇಟ್ಟು ಎರಡು ಪ್ರತಿ ಬರೆದೆ. ಓದಿ ಹೇಳಿ ಎಂದಳು. 'ಮೃತ ಆಪರೇಟರು' ಎಂದು ಓದುತ್ತಿದ್ದಂತೆ ತಡೆದಳು.

"ಎಸ್ರು ಇಲ್ವಾ ಅವ್ನಿಗೆ?"

ಅದನ್ನು ಹೊಡೆದು ಹಾಕಿ ಗುರುಸಿದ್ದ ಎಂದು ಬರೆದೆ. ಒಂದು ಸಾಲನ್ನು ಮೂರು ಸಲ ಓದಿಸಿದಳು: "ಗುರುಸಿದ್ದನು ಮೇನ್ ಸ್ವಿಚ್ಚನ್ನು ತೆಗೆದೇ ಕೆಲಸಕ್ಕೆ ಕೈ ಹಾಕಿದ್ದನು; ಆತನದೇನೂ ತಪ್ಪಿಲ್ಲ; ನನ್ನ ಹಿಂದಿನ ರಿಪೋರ್ಟು ತಪ್ಪು." ಕಾರ್ಬನ್ ಪ್ರತಿಗೂ ಸಹಿ ಮಾಡಿ ಅವಳಿಗೆ ಕೊಟ್ಟೆ.

ಮರುದಿನ ಇಂಜಿನಿಯರು ಅದನ್ನು ಓದಿ, "ಮುಗಿದ ಫೈಲು, ಇದನ್ನು ಕೇಳಿದವರು ಯಾರ್ರೀ?" ಎಂದರು. ಯಾರೂ ಕೇಳಿಲ್ಲ, ಮೊದಲನೆಯದನ್ನು ಬರೆದವನು ನಾನೇ ಎಂದೆ. ಇನ್ನೊಮ್ಮೆ ಓದಿ ಫೈಲಿಗೆ ಸೇರಿಸಿದರು. ತಪ್ಪು ರಿಪೋರ್ಟಿಗಾಗಿ ನನಗೊಂದು ಮೆಮೊ ಬಂತು, ತೆಗೆದುಕೊಂಡೆ. ಬೇಸಿಗೆಯ ಹೊತ್ತಿಗೆ ಗುರುಸಿದ್ದನ ಹೆಸರಿನ ಮುಂದಿದ್ದ ಅಜಾಗರೂಕತೆ ಎಂಬ ಮಾತನ್ನು ತೆಗೆದುಹಾಕಿದರು. ನಮ್ಮ ಪಂಪ್‌ಹೌಸುಗಳಲ್ಲಿ ಮೋಟರಿಗೇ ಕಟ್ಟಿದ್ದ ಡಬ್ಬಗಳನ್ನೆಲ್ಲ ನಾನೇ ಹೋಗಿ ಬಿಚ್ಚಿದೆ.

ಆ ಕಾಗದ ಬರೆದುಕೊಟ್ಟ ಸಂಜೆ ನನಗೆ ಇದೊಂದೂ ಗೊತ್ತಿರಲಿಲ್ಲ. ಐದು ಗಂಟೆಯ ಬಸ್ಸಿಗೆಂದು ಬೀದಿಯ ತಿರುವಿನವರೆಗೆ ಬಂದವನು ಒಮ್ಮೆ ಹಿಂದಿರುಗಿ ನೋಡಿದೆ. ಮಾದೇವಮ್ಮ ಹೊಸಿಲ ಮೇಲೆ ನಿಂತಿದ್ದಳು, ಬೀದಿಗೆ ಬೆನ್ನು ಮಾಡಿ. ಓದಲು ಬಾರದವಳು, ಆ ಕಾಗದವನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು, ಕತ್ತಲಾಗುತ್ತಿದ್ದ ಮನೆಯೊಳಕ್ಕೆ ನಾನು ಓದಿದ ಸಾಲನ್ನು ಒಂದಕ್ಷರವೂ ತಪ್ಪದಂತೆ ಗಟ್ಟಿಯಾಗಿ ಹೇಳುತ್ತಿದ್ದಳು. ಒಳಗೆ ಯಾರೂ ಇರಲಿಲ್ಲ. ಹೇಳಿ ಮುಗಿಸಿ, ಉತ್ತರ ಕೇಳಿಸಿಕೊಳ್ಳುವವಳ ಹಾಗೆ ತುಸು ಹೊತ್ತು ತಲೆ ಓರೆ ಮಾಡಿ ನಿಂತಳು. ಆಮೇಲೆ "ಊಂ" ಎಂದು ಒಳಗೆ ಹೋದಳು.