ಕೆಂಪು ಜುಟ್ಟಿನ ಹೆಬ್ಬಾತು

ಕನ್ನಡಕದ ಅಂಗಡಿ ಇಟ್ಟವನು ‘ಕಣ್ಣಾರೆ ಕಂಡೆ’ ಎಂದರೆ ಜನ ಮರುಮಾತಿಲ್ಲದೆ ನಂಬುತ್ತಾರೆ. ಇದು ನನ್ನ ವ್ಯಾಪಾರಕ್ಕೆ ಒದಗಿದ ಅನುಕೂಲ, ಸಂಸಾರಕ್ಕೆ ಬಂದ ಆಪತ್ತು. ಬೆಟಗೇರಿಯಲ್ಲಿ ಇಪ್ಪತ್ತು ವರ್ಷದಿಂದ ಗೋಡೆಯ ಮೇಲಿನ ಅಕ್ಷರ ಓದಿಸಿ ಮಂದಿಯ ಕಣ್ಣು ಪರೀಕ್ಷಿಸುತ್ತ ಬಂದ ನಾನು, ಕಳೆದ ಚಳಿಗಾಲದಲ್ಲಿ ಒಂದು ಹಕ್ಕಿಯನ್ನು ನೋಡದೆಯೇ ನೋಡಿದೆ ಎಂದುಬಿಟ್ಟೆ. ಸಾಲದ್ದಕ್ಕೆ ಅದರ ತಲೆಯ ಮೇಲೆ ಇಲ್ಲದ ಕೆಂಪು ಜುಟ್ಟೊಂದನ್ನು ಇಟ್ಟೆ. ಆ ಜುಟ್ಟನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ಬೇರೆ ದಾರಿಯಿಲ್ಲ.

ಮೂಲ ನನ್ನ ಹೆಂಡತಿ ಗಿರಿಜಾಳ ಫೋನಿನಲ್ಲಿದೆ. ಆಕೆ ಸರಕಾರಿ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಗೆ ಪಾಠ ಹೇಳುತ್ತಾಳೆ. ಮಕ್ಕಳಿಗೆ ಆಕೆ ‘ಅಕ್ಕೋರು’. ಸಂಜೆ ಚಹಾ ಕುಡಿಯುತ್ತ ಯಾವುದೋ ದೇಶದ ಗಂಡ-ಹೆಂಡತಿ ಬೆಟ್ಟದ ನಡುವಿನ ಸರೋವರದ ದಂಡೆಯಲ್ಲಿ ಡೇರೆ ಹಾಕಿಕೊಂಡು, ದೋಣಿಗೆ ಹುಟ್ಟು ಹಾಕಿಕೊಂಡು ನಗುವ ವಿಡಿಯೊಗಳನ್ನು ನೋಡುತ್ತಾಳೆ. ಒಂದು ದಿನ ಫೋನು ಕೆಳಗಿಟ್ಟು, “ಗುಡ್ಡ, ಕೆರಿ ಅವರಿಗಷ್ಟ ಅದಾವೇನ್ರಿ? ನಮಗೂ ಕಪ್ಪತಗುಡ್ಡ ಐತಿ, ಮಾಗಡಿ ಕೆರಿ ಐತಿ. ಇಲ್ಲದ್ದು ಅಂದ್ರ ಎದ್ದು ಹೊಂಡೋ ಗಂಡ ಒಬ್ಬಾವ,” ಎಂದಳು.

ಎದ್ದು ಹೊರಟೆ. ಮೊದಲ ಸಾಹಸ ಕಪ್ಪತಗುಡ್ಡ. ಗಿರಿಜಾ ಇಳಕಲ್ ಸೀರೆಯ ಕೆಳಗೆ ಬಿಳಿ ಬೂಟು ಹಾಕಿ ಹೊರಟಾಗ ಓಣಿಯ ಮಂದಿ ಆಸ್ಪತ್ರೆಗೆ ಹೊರಟಿದ್ದೇವೆ ಎಂದುಕೊಂಡು ಮೆಲ್ಲಗೆ ಮಾತಾಡಿಸಿದರು. ಗುಡ್ಡದ ನೆತ್ತಿಯ ಗಾಳಿಯ ಬಗ್ಗೆ ನಮಗೆ ಅಂದಾಜಿರಲಿಲ್ಲ. ಸುತ್ತ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ದೊಡ್ಡ ಪಂಖಗಳನ್ನು ನಿಲ್ಲಿಸಿದ್ದನ್ನು ಕಂಡಾದರೂ ತಿಳಿಯಬೇಕಿತ್ತು. ಬುತ್ತಿಯ ಗಂಟು ಬಿಚ್ಚಿದ್ದೇ ತಡ, ಮೇಲಿನ ಖಡಕ್ ರೊಟ್ಟಿ ಎದ್ದು ಹಾರಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನಾನು ಒಂದು ಕೈಯಲ್ಲಿ ಟೊಪ್ಪಿಗೆ ಹಿಡಿದು ರೊಟ್ಟಿಯ ಬೆನ್ನುಹತ್ತಿ ಓಡಿದೆ. ಅರ್ಧ ತಾಸಿನ ಮೇಲೆ ಕೆಳಗಿನಿಂದ ಕುರಿಗಾಹಿಯೊಬ್ಬ ಒಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. “ಇದು ನಿಮ್ದೇನ್ರಿ? ಮೂರು ಬಂದಿದ್ದುವು. ಎರಡು ಆಡು ತಿಂದುವು, ಸಿಟ್ಟಾಗಬ್ಯಾಡ್ರಿ,” ಎಂದ. ಆ ಒಂದು ರೊಟ್ಟಿಯನ್ನೇ ಮೂವರೂ ಮುರಿದು ತಿಂದೆವು. ವಿಡಿಯೊದ ದಂಪತಿಗೆ ಇಂಥ ಊಟ ಸಿಕ್ಕಿರಲಿಕ್ಕಿಲ್ಲ.

ನಮ್ಮ ಸೀಮೆಯಲ್ಲಿ ಸಾಹಸಕ್ಕೆ ನಿಜವಾದ ಅಡ್ಡಿ ಗುಡ್ಡವಲ್ಲ, ಗಾಳಿಯಲ್ಲ. ಬಳಗ. ಸಂಬಂಧಿಕರಿರುವ ಹಳ್ಳಿಯನ್ನು ಅವರ ಮನೆಯಲ್ಲಿ ಉಣ್ಣದೆ ದಾಟಿಹೋದರೆ ಅದು ಮೂರು ತಲೆಮಾರಿಗೆ ಸಾಕಾಗುವಷ್ಟು ದೊಡ್ಡ ಅಪರಾಧ. ಮಾಗಡಿ ಕೆರೆಗೆ ಹೋಗುವ ದಾರಿಯಲ್ಲಿ, ಕೆರೆಗಿಂತ ಒಂದು ಹರದಾರಿ ಈಚೆಗೆ, ನನ್ನ ಚಿಗವ್ವನ ಮನೆಯಿದೆ. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಆಕೆಯ ಕಟ್ಟೆ ರಸ್ತೆಗೇ ಮುಖಮಾಡಿದೆ, ಆಕೆಯ ಕಣ್ಣಿಗೆ ಈ ವಯಸ್ಸಿನಲ್ಲೂ ನನ್ನ ಅಂಗಡಿಯ ಅಗತ್ಯ ಬಿದ್ದಿಲ್ಲ.

ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಹೆಬ್ಬಾತುಗಳು ಹಾರಿಬಂದು ಮಾಗಡಿ ಕೆರೆಯಲ್ಲಿ ಇಳಿಯುತ್ತವೆ ಎಂದು ಗಿರಿಜಾ ಪೇಪರಿನಲ್ಲಿ ಓದಿದ್ದಳು. ಕಳೆದ ಚಳಿಗಾಲದ ಮೊದಲಿಗೆ ನಾನು ಶಿರಹಟ್ಟಿಗೆ ಕನ್ನಡಕ ಕೊಡಲು ಹೊರಟಾಗ, “ನನಗ ಶಾಲಿ ಐತಿ. ನೀವರೆ ನೋಡಿ ಬಂದು ಹೆಂಗದಾವು ಹೇಳ್ರಿ,” ಎಂದು ಕಳಿಸಿದಳು. ಚಿಗವ್ವ ಸ್ಕೂಟರಿಗೇ ಅಡ್ಡ ನಿಂತಳು. “ಉಣ್ಣದ ಹೊಕ್ಕಿಯೇನೋ ಯಪ್ಪಾ? ಮಂದಿ ನನಗ ಏನಂದಾರು? ಕೆರಿ ಎಲ್ಲಿ ಓಡಿ ಹೊಕ್ಕೈತಿ?” ನಾಲ್ಕು ಶೇಂಗಾ ಹೋಳಿಗೆ, ಮೇಲೆ ತುಪ್ಪ. ಅದಾದ ಮೇಲೆ ಪಡಸಾಲೆಯ ಕಂಬಳಿ. ಎಚ್ಚರವಾದಾಗ ಹೊತ್ತು ಮುಳುಗಿತ್ತು.

ಮನೆಗೆ ಬಂದರೆ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. “ನೋಡಿದ್ರೀ?” ಆ ಮುಖ ನೋಡಿ ಇಲ್ಲ ಎನ್ನಲು ನನ್ನಿಂದಾಗಲಿಲ್ಲ. “ನೋಡಿದೆ.” “ಹೆಂಗದಾವು?” ನನ್ನ ಕಣ್ಣಿಗೆ ಕಟ್ಟಿದ್ದು ಒಂದೇ ಹಕ್ಕಿ, ಚಿಗವ್ವನ ಹಿತ್ತಿಲಾಚೆ ಓಡಾಡುತ್ತಿದ್ದ ಹುಂಜ. “ದೊಡ್ಡವು ಅದಾವ. ಬೆಳ್ಳಗ. ತಲಿ ಮ್ಯಾಲ ಕೆಂಪು ಜುಟ್ಟು,” ಎಂದೆ.

ಫೋನಿನಲ್ಲಿ ಒಂದು ಚಿತ್ರ ಹುಡುಕಿದ್ದರೆ ನನ್ನ ಬಣ್ಣ ಅಂದೇ ಬಯಲಾಗುತ್ತಿತ್ತು. ಗಿರಿಜಾ ಹುಡುಕಲಿಲ್ಲ. “ಫೋಟೋ ನೋಡಿ ಮೋಸ ಹೋದದ್ದು ಒಮ್ಮೆ ಸಾಕ್ರಿ. ಲಗ್ನಕ್ಕ ಮೊದಲು ನಿಮ್ದು ಕಳಿಸಿದ್ರಲ್ಲ, ಅದ್ರಾಗ ತಲಿ ತುಂಬ ಕೂದಲಿದ್ದುವು. ಈ ಹಕ್ಕಿ ನಾ ಖರೇನ ನೋಡಾಕಿ.” ಅದು ಮೋಸವಲ್ಲ, ಬರೀ ಹಳೆಯ ಫೋಟೋ ಎಂದು ನಾನು ಮದುವೆಯಾದಾಗಿನಿಂದ ವಾದಿಸುತ್ತಲೇ ಇದ್ದೇನೆ.

ಆಕೆ ನನ್ನ ಮಾತನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ ಚಿಂತೆಯಿರಲಿಲ್ಲ. ಮರುದಿನ ತರಗತಿಯಲ್ಲಿ ಹೇಳಿದಳು. ಮಕ್ಕಳು ಚಿತ್ರ ಬರೆದರು. ಯಾವುದೋ ಕೆಲಸಕ್ಕೆ ಶಾಲೆಗೆ ಹೋದಾಗ ನೋಡುತ್ತೇನೆ, ಗೋಡೆಯ ತುಂಬ ಹೆಬ್ಬಾತು, ಒಂದೊಂದರ ತಲೆಯ ಮೇಲೂ ದಾಸವಾಳದಂಥ ಜುಟ್ಟು! ಚಳಿಗಾಲ ಮುಗಿಯುವುದರೊಳಗೆ ಮಕ್ಕಳನ್ನು ಕೆರೆಗೆ ಕರೆದೊಯ್ಯುವುದೆಂದೂ, ಅದಕ್ಕೆ ಮೊದಲು ತಾವು ಒಮ್ಮೆ ನೋಡಿ ಬರುವುದೆಂದೂ ಅಕ್ಕೋರು ನಿಶ್ಚಯಿಸಿದ್ದರು. ನನ್ನ ಮಾನ ಹೋದರೆ ಹೋಗಲಿ, ಅದೇನೂ ಹೊಸ ಮಾಲಲ್ಲ. ಆದರೆ ಮೂವತ್ತು ಮಕ್ಕಳೆದುರು ಗಿರಿಜಾ ಸುಳ್ಳು ಹೇಳಿದಂತಾಗುತ್ತದಲ್ಲ ಎಂದು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ನಿಜ ಹೇಳಿಬಿಡುವ ಧೈರ್ಯವೂ ಬರಲಿಲ್ಲ. ಹೇಡಿಗೆ ಹೊಳೆಯುವುದು ಉಪಾಯ ಮಾತ್ರ.

ತಮಗೇ ಅರಿವಿಲ್ಲದೆ ಉಪಾಯ ಕೊಟ್ಟವರು ರಾಜೇಸಾಬರು. ಆ ಕೆರೆಯ ಹತ್ತಿರ ಹೊಲವಿರುವ ರೈತರು, ಓದುವ ಕನ್ನಡಕಕ್ಕೆಂದು ಅಂಗಡಿಗೆ ಬಂದಿದ್ದರು. “ರಾತ್ರಿ ಎಲ್ಲಾ ನಮ್ಮ ಹೊಲದಾಗ ಕಡ್ಲಿ ಮೇಯ್ತಾವ್ರಿ ಅವು. ಹೊತ್ತೇರಿ ಒಂಬತ್ತು ಹೊಡದ ಮ್ಯಾಲ ಕೆರಿಗೆ ಬಂದು ಇಳೀತಾವು. ನಸಿಕಿನ್ಯಾಗ ಹೋದ್ರ ನೀರಷ್ಟ ಕಾಣ್ತೈತಿ,” ಎಂದರು. ಹಕ್ಕಿ ನೋಡುವವರೆಲ್ಲ ಕೋಳಿ ಕೂಗುವ ಹೊತ್ತಿಗೆ ಏಳಬೇಕೆಂದು ಜಗತ್ತೇ ಹೇಳುತ್ತದೆ. ನಾನು ಜಗತ್ತಿನ ಮಾತನ್ನೇ ಗಿರಿಜಾಳಿಗೆ ಹೇಳಿದೆ.

ಎರಡು ಭಾನುವಾರ ನಸುಕಿನಲ್ಲೇ, ಅಂಗಡಿಯ ದುರ್ಬೀನನ್ನು ನನ್ನ ಕೊರಳಿಗೆ ನೇತುಹಾಕಿಕೊಂಡು, ಕೆರೆಯ ದಂಡೆಯಲ್ಲಿ ನಡುಗುತ್ತ ನಿಂತೆವು. ಖಾಲಿ ನೀರು. ಎಮ್ಮೆ ಹೊಡೆದುಕೊಂಡು ಬಂದವನೊಬ್ಬ, “ಏನ್ ಕೆಲಸಕ್ಕ ಬಂದೀರಿ?” ಎಂದ. ಕೆರೆ ನೋಡಲು ಎಂದೆ. ಅವನು ಗಾಬರಿಯಿಂದ ನೀರಿನ ಕಡೆ ತಿರುಗಿ, “ಯಾಕ್ರಿ, ಏನಾಗೈತಿ ಕೆರಿಗೆ?” ಎಂದ. ಎಂಟೂವರೆಗೆ ಸರಿಯಾಗಿ ನಾನು, “ನಡಿ, ಚಿಗವ್ವ ಕಾಯಕತ್ತಿರತಾಳ,” ಎನ್ನುತ್ತಿದ್ದೆ. ಬಳಗದ ಮಾತಿಗೆ ಗಿರಿಜಾ ಎದುರಾಡುವವಳಲ್ಲ. ನಾವು ಅಲ್ಲಿ ಉಪ್ಪಿಟ್ಟು ತಿನ್ನುವಾಗ ಹೆಬ್ಬಾತುಗಳು ಇಲ್ಲಿ ಕೆರೆಗೆ ಇಳಿಯುತ್ತಿದ್ದವು. ಎಂಥ ಅಚ್ಚುಕಟ್ಟು!

ಮೂರನೆಯ ಭಾನುವಾರ ಎಂಟೂವರೆಗೆ ಕೆರೆಯಿಂದ ಹೊರಟು ಹೋದರೆ ಚಿಗವ್ವನ ಬಾಗಿಲಿಗೆ ಬೀಗ. ಮುಂಡರಗಿಗೆ ಲಗ್ನಕ್ಕೆ ಹೋಗಿದ್ದಾಳೆ ಎಂದರು ನೆರೆಯವರು. ಜನ್ಮದಲ್ಲಿ ಆ ಬಾಗಿಲಿಗೆ ಬೀಗ ಕಂಡಿರಲಿಲ್ಲ. “ಹೆಂಗೂ ಬುತ್ತಿ ಐತಿ. ಕೆರಿ ದಂಡಿ ಮ್ಯಾಲ ಕುಂತು ತಿನ್ನೂಣು ನಡ್ರಿ,” ಎಂದಳು ಗಿರಿಜಾ. ಗಾಳಿ ಬಿಟ್ಟಿದೆ ಎಂದೆ, ಹೊಟ್ಟೆ ಸರಿಯಿಲ್ಲ ಎಂದೆ, ಅಂಗಡಿಗೆ ಗಿರಾಕಿ ಬರುತ್ತಾರೆ ಎಂದೆ. “ಐತಾರ ಅಂಗಡಿ ಎಲ್ಲಿ ತಗೀತೀರಿ?” ಎಂದಳು. ಸ್ಕೂಟರನ್ನು ಕೆರೆಯ ಕಡೆ ತಿರುಗಿಸಿದೆ.

ಮೊದಲ ತುತ್ತು ಬಾಯಿಗಿಡುವಾಗ ಸದ್ದು ಕೇಳಿತು. ಲಕ್ಷ್ಮೇಶ್ವರದ ಸಂತೆಯೇ ಆಕಾಶಕ್ಕೆ ಎದ್ದಂತೆ ಗದ್ದಲ. ಸಾಲು ಸಾಲಾಗಿ ಬಂದವು, ತಿರುಗಿದವು, ಕಾಲು ಚಾಚಿ ನೀರಿಗೆ ಇಳಿದವು. ಗಿರಿಜಾ ರೊಟ್ಟಿ ಬಿಟ್ಟು ಕೈಚಾಚಿದಳು, “ದುರ್ಬೀನು ಕೊಡ್ರಿ!” ಕೊಟ್ಟೆ. ಕೊಡುವ ಮೊದಲು ಅದರ ಗಾಲಿಯನ್ನು ತಿರುಗಿಸಿ ಎಲ್ಲ ಮಸುಕಾಗುವಂತೆ ಮಾಡಿದೆ. ಮಂದಿಗೆ ಕಣ್ಣು ಕಾಣುವಂತೆ ಮಾಡುವುದೇ ಕಸುಬಾದವನು ಅಂಥ ಕೆಲಸ ಮಾಡಿದ್ದು ಅದೊಂದೇ ಸಲ. ಆದರೆ ಆಕೆ ಕನ್ನಡಕದವನ ಹೆಂಡತಿ. ಎರಡು ಬೆರಳಲ್ಲಿ ಗಾಲಿ ಸರಿಮಾಡಿಕೊಂಡಳು.

ಬಹಳ ಹೊತ್ತು ನೋಡಿದಳು. ಬರಿಗಣ್ಣಿಗೇ ನನಗೂ ಕಂಡಿತು, ಬೂದಿ ಬಣ್ಣದ ಮೈ, ಬಿಳಿ ತಲೆಯ ಹಿಂದೆ ಎರಡು ಕರಿ ಪಟ್ಟಿ. ಜುಟ್ಟು ಎಲ್ಲಿಯೂ ಇಲ್ಲ. ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದೆ ಎನ್ನುತ್ತಾರೆ ಹಿರಿಯರು. ಹೆಬ್ಬಾತು ಅದರ ದಾಯಾದಿಯೇ ಇರಬೇಕು. ನನ್ನ ಮಾತಿನಲ್ಲಿ ಹಾಲೆಷ್ಟು, ನೀರೆಷ್ಟು ಎಂಬುದು ಆ ಬೆಳಿಗ್ಗೆ ಸ್ಪಷ್ಟವಾಗಿ ಬೇರೆಯಾಯಿತು. ನಾನು ಎಲ್ಲವನ್ನೂ ಒಪ್ಪಿಕೊಂಡೆ, ಹೋಳಿಗೆ, ಕಂಬಳಿ, ಹುಂಜ, ರಾಜೇಸಾಬರು, ದುರ್ಬೀನಿನ ಗಾಲಿ.

ಗಿರಿಜಾ ದುರ್ಬೀನು ಇಳಿಸಿ ನನ್ನ ತಲೆಯನ್ನು ನೋಡಿದಳು. “ಫೋಟೋದಾಗ ನಿಮಗ ಕೂದಲಿದ್ದುವು. ನಿಮ್ಮ ಮಾತಿನ್ಯಾಗ ಈ ಹಕ್ಕಿಗೆ ಜುಟ್ಟಿತ್ತು. ಖರೇ ನೋಡಿದ್ರ ಎರಡೂ ಬೋಳು,” ಎಂದಳು. ಆಮೇಲೆ ನಕ್ಕಳು. ಎಷ್ಟು ನಕ್ಕಳೆಂದರೆ ದಂಡೆಯ ಹತ್ತಿರದ ನಾಲ್ಕು ಹೆಬ್ಬಾತು ದೂರ ಸರಿದವು. “ಆದ್ರ ಲಗ್ನದಾಗ ನಿಮ್ಮ ಬೋಳು ತಲಿ ನೋಡಿದಾಗರೆ ನಾ ಎಲ್ಲಿ ಒಲ್ಲೆ ಅಂದೇನ್ರಿ?” ನನ್ನ ಕಣ್ಣು ಮಸುಕಾದವು. ಈ ಸಲ ಗಾಲಿ ತಿರುಗಿಸಿದವರು ಯಾರೂ ಇರಲಿಲ್ಲ.

ಹಾಗೆಂದು ಅಕ್ಕೋರು ಬಿಡಲಿಲ್ಲ. ಸೋಮವಾರ ನನ್ನನ್ನು ಮೂರನೆಯ ಇಯತ್ತೆಯ ಮುಂದೆ ನಿಲ್ಲಿಸಿದರು. ಕೈಕಟ್ಟಿ ನಿಂತು ನಿಜ ಹೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಹಂಗಾದ್ರ ನೀವು ನೋಡಿದ್ದೇನ್ರಿ ಸರ?” ಎಂದಳು. “ಹುಂಜ,” ಎಂದೆ. ಇಡೀ ತರಗತಿ ಬೆಂಚು ಬಡಿದು ನಕ್ಕಿತು. ಮಕ್ಕಳು ಕೆರೆಗೆ ಹೋಗಿ ಬಂದು ಎರಡು ಪಟ್ಟಿಯ ಹೊಸ ಚಿತ್ರಗಳನ್ನು ಗೋಡೆಗೆ ಅಂಟಿಸಿದರು. ಹಳೆಯವನ್ನು ತೆಗೆದರು, ಒಂದನ್ನು ಬಿಟ್ಟು. ಅದರ ಕೆಳಗೆ ದುಂಡಗೆ ಬರೆದಿದ್ದರು, ‘ಸರ್ ನೋಡಿದ ಹಕ್ಕಿ’.

ಶಾಲೆಗೆ ಸುಣ್ಣ ಬಳಿಯುವಾಗ ಗಿರಿಜಾ ಆ ಚಿತ್ರವನ್ನು ಜೋಪಾನವಾಗಿ ಬಿಡಿಸಿ ತಂದಳು. ಈಗ ಅದು ನನ್ನ ಅಂಗಡಿಯಲ್ಲಿ, ಅಕ್ಷರದ ಹಲಗೆಯ ಕೆಳಗೆ ತೂಗುತ್ತಿದೆ. ಹಲಗೆಯ ಕೊನೆಯ ಸಾಲು ಕಾಣದವರನ್ನು ನಾನು ಅದರ ಕಡೆ ತಿರುಗಿಸಿ, ಹಕ್ಕಿಯ ತಲೆಯ ಮೇಲೆ ಏನಿದೆ ಎಂದು ಕೇಳುತ್ತೇನೆ. ಕೆಂಪು ಜುಟ್ಟು ಎನ್ನುತ್ತಾರೆ ಎಲ್ಲರೂ. ಹೌದು, ನನಗೂ ಅಲ್ಲಿ ಅದೇ ಕಾಣುತ್ತದೆ ಎನ್ನುತ್ತೇನೆ. ಇದೊಂದನ್ನು ಮಾತ್ರ ಈಗ ಕಣ್ಣಾರೆ ಕಂಡು ಹೇಳುತ್ತಿದ್ದೇನೆ.