ಗರಗಸದ ಪಕ್ಕ ಒಬ್ಬರು

ಅವರ ಹುಬ್ಬುಗಳಲ್ಲಿ ಸದಾ ಮರದ ಪುಡಿ ಕೂತಿರುತ್ತಿತ್ತು. ಓದುವ ಕನ್ನಡಕದ ಮೇಲೆ ಇನ್ನೊಂದು ದಪ್ಪ ಪ್ಲಾಸ್ಟಿಕ್ ಕನ್ನಡಕ ಏರಿಸುತ್ತಿದ್ದರು. ಎರಡನ್ನೂ ತೆಗೆದಾಗ ಕಣ್ಣಿನ ಸುತ್ತ ಮಾತ್ರ ಅವರದೇ ಬಣ್ಣ, ಉಳಿದದ್ದೆಲ್ಲ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ. ಶಿವಾಜಿನಗರದ ಫರ್ನಿಚರ್ ಅಂಗಡಿಯಲ್ಲಿ ಆಯುಷ್ಯವೆಲ್ಲ ಮರ ಕೊಯ್ದು, ಹೆಂಡತಿ ತೀರಿಕೊಂಡ ಮೇಲೆ ಮರ್ಫಿ ಟೌನಿನಲ್ಲಿ ನಮ್ಮ ಎದುರುಮನೆಯಲ್ಲಿ ಒಬ್ಬರೇ ಇದ್ದರು. ನಾನು ಅಂಕಲ್ ಎನ್ನುತ್ತಿದ್ದೆ. ಜೊತೆಗಿದ್ದ ತಂಗಿ ಮದುವೆಯಾಗಿ ಹೋದ ಮೇಲೆ ಈ ಕಡೆಯ ಮನೆಯಲ್ಲಿ ನಾನೂ ಒಬ್ಬಳೇ.

ಅಳಿಯ ಕೊಡಿಸಿದ ಬ್ಯಾಟರಿ ಗರಗಸ ಅವರ ಹತ್ತಿರ ಇತ್ತು. ದುಂಡನೆಯ ಬ್ಲೇಡು, ವೈರಿನ ರಗಳೆಯಿಲ್ಲ. ಅದನ್ನು ಕೈಗೆತ್ತಿಕೊಳ್ಳುವ ಮುಂಚೆ ನನ್ನ ಬಾಗಿಲು ತಟ್ಟುತ್ತಿದ್ದರು.

"ಸ್ವಲ್ಪ ತಾರಸಿಗೆ ಬಾಮ್ಮಾ, ಕುಯ್ಬೇಕು."

"ನಾ ಬಂದು ಏನ್ ಮಾಡ್ಲಿ ಅಂಕಲ್? ನಂಗೇನೂ ಬರಂಗಿಲ್ರಿ," ಎಂದಿದ್ದೆ ಮೊದಲ ಸಲ, ನನ್ನ ಹುಬ್ಬಳ್ಳಿಯ ಮಾತಿನಲ್ಲಿ.

"ಏನೂ ಮಾಡ್ಬೇಡ, ನಿಂತ್ಕೋ. ಒಬ್ರೇ ಇರೋವಾಗ ಇದನ್ನ ಮುಟ್ಬಾರ್ದು. ಹೆಚ್ಚುಕಮ್ಮಿ ಆಗಿ ಕೂಗಿದ್ರೆ ಕೇಳೋಕೆ ಯಾರಾದ್ರೂ ಬೇಕಲ್ಲ?"

ಹಾಗೆ ಭಾನುವಾರಗಳಲ್ಲಿ ನಿಂತು ನಿಂತೇ ಕಲಿತೆ. ಪ್ಲೈವುಡ್ಡಿನ ಚಂದದ ಮುಖ ಕೆಳಗೆ ಬರುವಂತೆ ಮಲಗಿಸುತ್ತಿದ್ದರು. ಚಕ್ಕೆ ಏಳುವುದು ಮೇಲಿನ ಮುಖದಲ್ಲಿ. ಬ್ಲೇಡನ್ನು ಹಲಗೆಯ ದಪ್ಪಕ್ಕಿಂತ ಚೂರೇ ಚೂರು ಕೆಳಗಿಳಿಸುತ್ತಿದ್ದರು, ಅದೂ ಬ್ಯಾಟರಿ ಕಳಚಿಟ್ಟ ಮೇಲೆ. ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ನೇರ ಪಟ್ಟಿಯೊಂದನ್ನು ಹಲಗೆಗೆ ಬಿಗಿದು, ಗರಗಸವನ್ನು ಅದಕ್ಕೆ ಆನಿಸಿ, ತಾವು ಅದರ ದಾರಿಯಿಂದ ಪಕ್ಕಕ್ಕೆ ಸರಿದು ನಿಂತು, ಆಮೇಲೆ ಸ್ವಿಚ್ಚು. "ಗೆರೆ ನಮ್ದು. ಬ್ಲೇಡ್ ತಿನ್ನೋದೇನಿದ್ರೂ ಆಚೆ ಕಡೇದು," ಎನ್ನುತ್ತಿದ್ದರು. ಕೊಯ್ದಾದ ಮೇಲೆ ಬ್ಲೇಡು ಪೂರ್ತಿ ನಿಲ್ಲುವ ತನಕ ಗರಗಸ ಕೆಳಗಿಡುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಮಾತು ಆಮೇಲೆ, ಚಹಾದ ಜೊತೆ. ವಾರವಿಡೀ ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ಬಿಲ್ಲು, ಸ್ಟಾಕು ಬಿಟ್ಟರೆ ನನಗೆ ಬೇರೆ ಮಾತಿರಲಿಲ್ಲ. ಮನಸ್ಸು ಬಿಚ್ಚಿ ಆಡುತ್ತಿದ್ದದ್ದು ಅಲ್ಲಿ ಮಾತ್ರ.

ಒಂದು ಭಾನುವಾರ ಪಟ್ಟಿಯನ್ನು ತಪ್ಪು ಜಾಗದಲ್ಲಿ ಬಿಗಿದರು. ಬ್ಲೇಡು ಗೆರೆಯ ಈಚೆ ಬಂದು ಮರ ತಿನ್ನತೊಡಗಿತು. "ಅಂಕಲ್, ಗೆರೆ!" ಎಂದು ಕೂಗಿದೆ. ಅವರು ಬೆಚ್ಚಲಿಲ್ಲ. ಸ್ವಿಚ್ಚು ಬಿಟ್ಟರು, ಬ್ಲೇಡು ನಿಲ್ಲುವ ತನಕ ಕಾದರು, ಬ್ಯಾಟರಿ ಕಳಚಿದರು. ಆಮೇಲೆ ಬಗ್ಗಿ ಬೆರಳಿನಿಂದ ಹಲಗೆ ಸವರಿದರು.

"ಕಣ್ಣು ನಡುವೆ ಮಸುಕಮ್ಮಾ. ಅಕ್ಕಪಕ್ಕ ಕಾಣ್ಸುತ್ತೆ, ನೋಡ್ಬೇಕಾದ್ದೇ ಕಾಣಲ್ಲ. ಇನ್ನು ಸಾಕು."

ಅವತ್ತಿಗೆ ಗರಗಸ ಬಿಟ್ಟರು. ಕೆ.ಆರ್. ಪುರಂನಿಂದ ಮಗಳು ಬಂದು, ಇನ್ನು ನಮ್ಮ ಜೊತೆಗೇ ಇದ್ದುಬಿಡಿ ಎಂದು ಹಟ ಹಿಡಿದಳು. "ಮುಂದಿನ ತಿಂಗಳು ಬರ್ತೀನಿ," ಎಂದು ಒಪ್ಪಿಕೊಂಡರು. ನನ್ನ ಬಾಗಿಲು ತಟ್ಟುವವರಿಲ್ಲದೆ ಭಾನುವಾರ ಮುಗಿಯುವುದೇ ಕಷ್ಟವಾಯಿತು. ಅವರು ಹೊರಟುಬಿಡುತ್ತಾರೆಂಬ ಸಂಕಟ ಒಂದು ಕಡೆ. ಅವರು ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿರುವುದನ್ನು ಕಾಣುವ ಸಂಕಟ ಇನ್ನೊಂದು ಕಡೆ. ಇರುವಷ್ಟು ದಿನವಾದರೂ ಜೊತೆ ಕೊಡೋಣವೆಂದು ಹಲಸೂರಿನಿಂದ ಪ್ಲೈವುಡ್ ತಂದೆ.

"ಶೆಲ್ಫ್ ಮಾಡ್ಕೋಬೇಕ್ರಿ ಅಂಕಲ್. ನಾ ಕೊಯ್ತೀನಿ, ನೀವು ಬಂದು ನಿಂದರ್ರಿ."

ಬಂದು ನಿಂತರು. ತಲೆ ವಾಲಿಸಿ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದರು. ಕೊಯ್ದ ಸೀಳು ಬ್ಲೇಡನ್ನು ಕಚ್ಚಿ ಸದ್ದು ಬದಲಾದರೆ ಸಾಕು, "ಬಿಡು, ಬಿಡು! ನೂಕ್ಬೇಡ. ನೂಕಿದ್ರೆ ನಿನ್ ಮೇಲೇ ಬರುತ್ತೆ," ಎಂದು ಗದರುತ್ತಿದ್ದರು.

ಶೆಲ್ಫು ಆಯಿತು. ಚಪ್ಪಲಿ ಸ್ಟ್ಯಾಂಡು ಆಯಿತು. ಮುಂದಿನ ತಿಂಗಳು ಬಂದು ಹೋದರೂ ಅವರು ಹೊರಡಲಿಲ್ಲ. ಮನೆ ಬಿಡಲು ಮನಸ್ಸಿಲ್ಲ ಪಾಪ, ಅಂದುಕೊಂಡೆ. ಮತ್ತೆರಡು ಶೆಲ್ಫು ಮಾಡಿದೆ. ಇಡಲು ಸಾಮಾನಿಲ್ಲದೆ ಒಂದರ ಮೇಲೆ ಮಡಚಿದ ಟವೆಲ್ ಇಟ್ಟೆ. ಮುದುಕರಿಗೆ ಆಸರೆಯಾಗಿದ್ದೇನೆಂದು ನನ್ನ ಬಗ್ಗೆ ನನಗೇ ಭಾರಿ ಮೆಚ್ಚುಗೆ. ಹೀಗೇ ಒಂದು ವರ್ಷ ಕಳೆಯಿತು.

ಹೋದ ಬೇಸಿಗೆಯಲ್ಲಿ ಅವರು ನಿದ್ದೆಯಲ್ಲೇ ಹೋದರು. ಕಾರ್ಯವೆಲ್ಲ ಮುಗಿದು ಮನೆ ಖಾಲಿ ಮಾಡಲು ಬಂದ ಮಗಳು ನನ್ನ ಮನೆಗೂ ಬಂದು, ಗೋಡೆಯ ತುಂಬ ಇದ್ದ ಶೆಲ್ಫುಗಳನ್ನು ನೋಡುತ್ತ ನಿಂತಳು.

"ನಿಮ್ಗೆ ಮರದ ಕೆಲಸ ಅಂದ್ರೆ ಅಷ್ಟು ಇಷ್ಟಾನಾ ಅಕ್ಕಾ?" ಎಂದಳು. "ಬರ್ತೀನಿ ಅಂದಾಗ್ಲೇ ಅಪ್ಪನ ಬಟ್ಟೆ ಎಲ್ಲಾ ನಮ್ಮನೇಗೆ ತಗೊಂಡ್ ಹೋಗಿದ್ದೆ. ಆಮೇಲೆ ಬರೋದೇ ಇಲ್ಲ ಅಂದ್ಬಿಟ್ರು. ಎದುರುಮನೆ ಹುಡುಗಿ ಹೊಸದಾಗಿ ಗರಗಸ ಹಿಡಿದಿದಾಳೆ, ಮನೇಲಿ ಒಬ್ಳೇ, ನಾನೂ ಹೋಗ್ಬಿಟ್ರೆ ಅವಳ ಪಕ್ಕ ಯಾರ್ ನಿಲ್ತಾರೆ ಅಂತ."

ಐವತ್ತು ದಾಟಿದ ನಾನು ಅವರಿಗೆ ಹುಡುಗಿ. ಮಗಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ತಂದೆಯ ಕೊನೆಯ ವರ್ಷ ಆಕೆಗೆ ಸಿಗಬೇಕಾಗಿತ್ತು, ನನಗೆ ಸಿಕ್ಕಿತು.